ಬ್ರೌಸರ್ ಬದಲಿಸಿ ಎಂದರೆ ಏನು ಮಾಡೋಣ?

ಊರಿನ ಬ್ಯಾಂಕ್ ಖಾತೆ, ಆದಾಯ ತೆರಿಗೆ ರಿಟರ್ನ್, ಪಾಸ್‌ಪೋರ್ಟ್ ನವೀಕರಣ, ಮನೆ ಕಂದಾಯ ಎಲ್ಲವನ್ನೂ ಗಲ್ಫಿನಲ್ಲಿರುವ ನಾವು ಈಗ ಆನ್‌ಲೈನಿನಲ್ಲೇ ಮಾಡುತ್ತೇವೆ. ಡ್ಯೂಟಿ ಮುಗಿಸಿ, ಊಟ ಮಾಡಿ, ರೂಮಿನಲ್ಲಿ ಕೂತು ವೆಬ್‌ಸೈಟ್ ತೆರೆದರೆ ಕೆಲವೊಮ್ಮೆ ಒಂದೇ ಸಾಲು ಎದುರಾಗುತ್ತದೆ: ‘ಈ ಬ್ರೌಸರ್ ನಡೆಯುವುದಿಲ್ಲ, ಬೇರೆ ಬಳಸಿ.’ ಕೆಲವು ಕಡೆ ಆ ಸಾಲೂ ಇರುವುದಿಲ್ಲ, ಬಟನ್ ಒತ್ತಿದರೂ ಪುಟ ಮುಂದೆ ಹೋಗುವುದಿಲ್ಲ. ಕೊನೆಯ ದಿನವಾದರಂತೂ ಕೇಳುವುದೇ ಬೇಡ. ಭಾರತದಲ್ಲಿ ರಾತ್ರಿ 12 ಆದಾಗ ದುಬೈಯಲ್ಲಿ 10.30, ರಿಯಾದ್, ಕುವೈತ್, ದೋಹಾಗಳಲ್ಲಿ 9.30. ಓವರ್‌ಟೈಮ್ ಮುಗಿಸಿ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಅನೇಕರು ಪಕ್ಕದ ಬೆಡ್‌ನವರ ಫೋನ್ ಕೇಳುತ್ತಾರೆ, ಇಲ್ಲವೇ ಟೈಪಿಂಗ್ ಸೆಂಟರಿಗೆ ಹೋಗಿ ಪಾಸ್‌ವರ್ಡ್, ಓಟಿಪಿ ಎರಡನ್ನೂ ಹೇಳಿಬಿಡುತ್ತಾರೆ. ಅಲ್ಲಿನವರು ಕೆಟ್ಟವರೆಂದಲ್ಲ. ಆದರೆ ಆ ಕಂಪ್ಯೂಟರ್ ನಮ್ಮ ಪಾಸ್‌ವರ್ಡನ್ನು ಉಳಿಸಿಕೊಂಡರೆ, ವರ್ಷಗಟ್ಟಲೆ ಕೂಡಿಟ್ಟ ದುಡ್ಡಿನ ಬಾಗಿಲು ಅರ್ಧ ತೆರೆದಿಟ್ಟಂತೆ. ಬ್ರೌಸರಿನ ತೊಂದರೆ ಸಣ್ಣದು, ಅದಕ್ಕಾಗಿ ಹಿಡಿಯುವ ಅಡ್ಡದಾರಿಯೇ ದೊಡ್ಡ ಅಪಾಯ.

ವೆಬ್‌ಸೈಟ್ ಬೇಡವೆನ್ನುವುದು ಏಕೆ? ಬ್ರೌಸರ್ ಎಲ್ಲಿಗೆ ಹೋದರೂ ತನ್ನ ಹೆಸರು ಹೇಳುವ ಒಂದು ಸಾಲನ್ನು ಕಳಿಸುತ್ತದೆ. ಅದಕ್ಕೆ ಯೂಸರ್ ಏಜೆಂಟ್ ಎನ್ನುತ್ತಾರೆ. ಹೆಲ್ಮೆಟ್ ಬಣ್ಣ ನೋಡಿ ಒಳಗೆ ಬಿಡುವ ಗೇಟ್ ಕಾವಲುಗಾರನಂತೆ, ಕೆಲವು ವೆಬ್‌ಸೈಟುಗಳು ಆ ಹೆಸರನ್ನಷ್ಟೇ ಓದಿ ವಾಪಸು ಕಳಿಸುತ್ತವೆ. ಇದು ಹಳೆಯ ರೋಗ. 1990ರ ದಶಕದಲ್ಲಿ ನೆಟ್‌ಸ್ಕೇಪ್ ತನ್ನನ್ನು ‘ಮೊಜಿಲ್ಲಾ’ ಎಂದು ಹೇಳಿಕೊಳ್ಳುತ್ತಿತ್ತು. ಆ ಹೆಸರಿದ್ದವರಿಗಷ್ಟೇ ಒಳ್ಳೆಯ ಪುಟ ಸಿಗತೊಡಗಿದಾಗ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕೂಡ ಅದೇ ಹೆಸರು ಹೇಳಿತು. ಇಂದಿಗೂ ಕ್ರೋಮ್, ಎಡ್ಜ್, ಸಫಾರಿಗಳ ಆ ಸಾಲು ‘ಮೊಜಿಲ್ಲಾ’ ಎಂದೇ ಶುರುವಾಗುತ್ತದೆ!

ಹಾಗಾದರೆ ಮಾಡಬೇಕಾದ್ದೇನು? ಕ್ರಮವಾಗಿ ನೋಡೋಣ.

ಮೊದಲು ಬ್ರೌಸರನ್ನು ಪ್ಲೇ ಸ್ಟೋರ್ ಅಥವಾ ಆ್ಯಪ್ ಸ್ಟೋರಿನಿಂದಲೇ ಅಪ್‌ಡೇಟ್ ಮಾಡಿ. ಪುಟದ ಮೇಲೆ ತಾನಾಗಿ ಬರುವ ‘ಬ್ರೌಸರ್ ಅಪ್‌ಡೇಟ್ ಮಾಡಿ’ ಎಂಬ ಬಟನ್ ಒತ್ತಲೇಬೇಡಿ, ವೈರಸ್ ತುಂಬುವವರ ಹಳೆಯ ಉಪಾಯ ಅದು. ವಿಂಡೋಸ್ 7 ಲ್ಯಾಪ್‌ಟಾಪ್ ಇದ್ದವರಿಗೆ ಕ್ರೋಮ್ 109ಕ್ಕಿಂತ ಹೊಸದು ಸಿಗುವುದಿಲ್ಲ. ಅಲ್ಲಿ ತಪ್ಪು ವೆಬ್‌ಸೈಟಿನದಲ್ಲ.

ಎರಡನೆಯದು, ಮೆನುವಿನಲ್ಲಿ ‘ಡೆಸ್ಕ್‌ಟಾಪ್ ಸೈಟ್’ ಆರಿಸಿ. ಬ್ರೌಸರ್ ತಾನು ಕಂಪ್ಯೂಟರಿನಲ್ಲಿರುವುದಾಗಿ ಹೇಳಿಕೊಳ್ಳುತ್ತದೆ. ಎಷ್ಟೋ ಸಲ ಇಷ್ಟರಿಂದಲೇ ಗೇಟು ತೆರೆಯುತ್ತದೆ.

ಮೂರನೆಯದು, ಫೈರ್‌ಫಾಕ್ಸ್, ಬ್ರೇವ್ ಬಳಸುವವರು ಗಮನಿಸಿ. ಜಾಹೀರಾತು ಮತ್ತು ಹಿಂಬಾಲಿಸುವವರನ್ನು ತಡೆಯುವ ಅವುಗಳ ರಕ್ಷಣೆಯೇ ಕೆಲವೊಮ್ಮೆ ಲಾಗಿನ್ ಪುಟವನ್ನೂ ತಡೆಯುತ್ತದೆ. ವಿಳಾಸ ಸರಿಯಿದೆಯೇ ನೋಡಿಕೊಂಡು, ಆ ಒಂದು ಸೈಟಿಗೆ ಮಾತ್ರ ರಕ್ಷಣೆ ನಿಲ್ಲಿಸಿ, ಕೆಲಸ ಮುಗಿದ ಮೇಲೆ ಮತ್ತೆ ಹಾಕಿ.

ಆಗಲೂ ಆಗದಿದ್ದರೆ ಅದೇ ಫೋನಿನಲ್ಲಿ ಎರಡನೆಯ ಬ್ರೌಸರ್ ಇಟ್ಟುಕೊಳ್ಳಿ. ಆಂಡ್ರಾಯ್ಡ್ ಫೋನಿನಲ್ಲಿ ಎಡ್ಜ್, ಒಪೇರಾ, ಬ್ರೇವ್, ಸ್ಯಾಮ್‌ಸಂಗ್ ಇಂಟರ್ನೆಟ್ ಇವುಗಳ ಒಳಗಿರುವುದು ಕ್ರೋಮಿನ ಕ್ರೋಮಿಯಂ ಎಂಜಿನ್ನೇ. ಹಾಗಾಗಿ ಕ್ರೋಮಿಗೆಂದೇ ಮಾಡಿದ ಪುಟ ಇವುಗಳಲ್ಲೂ ಸಾಮಾನ್ಯವಾಗಿ ನಡೆಯುತ್ತದೆ. ಇಷ್ಟದ ಬ್ರೌಸರನ್ನು ತೆಗೆದುಹಾಕಬೇಕಿಲ್ಲ, ಎರಡನೆಯದು ಆ ಕೆಲಸಕ್ಕಷ್ಟೇ ಇರಲಿ. ಇಂಟರ್ನೆಟ್ ಎಕ್ಸ್‌ಪ್ಲೋರರನ್ನೇ ಕೇಳುವ ಹಳೆಯ ಸೈಟುಗಳಿಗೂ ದಾರಿಯಿದೆ. 2022ರ ಜೂನ್ 15ಕ್ಕೆ ಅದನ್ನು ನಿಲ್ಲಿಸಿದರೂ, ವಿಂಡೋಸ್ ಕಂಪ್ಯೂಟರಿನ ಎಡ್ಜ್‌ನಲ್ಲಿ ‘ಇಂಟರ್ನೆಟ್ ಎಕ್ಸ್‌ಪ್ಲೋರರ್ ಮೋಡ್’ ಇದೆ.

ಇನ್ನೊಂದು ಮಾತು. ಕೆಲಸ ಆಯಿತೆಂದು ಸುಮ್ಮನಾಗಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಬ್ರೌಸರಿನ ಹೆಸರು, ಆವೃತ್ತಿ, ದಿನಾಂಕ, ಸಮಯ ಬರೆದು ಆ ಸೈಟಿನ ಸಹಾಯ ವಿಭಾಗಕ್ಕೆ ಇಮೇಲ್ ಮಾಡಿ. ಯಾರೂ ದೂರದಿದ್ದರೆ ಎಲ್ಲ ಸರಿಯಿದೆ ಎಂದೇ ಅವರು ತಿಳಿಯುತ್ತಾರೆ. ಗಡುವು ತಪ್ಪಿದರೆ ಮುಂದೆ ತೋರಿಸಲು ನಮ್ಮ ಬಳಿಯೂ ಒಂದು ದಾಖಲೆ ಇರುತ್ತದೆ.

ರಿಟರ್ನ್ ಇರಲಿ, ನವೀಕರಣ ಇರಲಿ, ಗಡುವಿಗೆ ಒಂದು ವಾರ ಮೊದಲಿನ ರಜಾದಿನ ಒಮ್ಮೆ ಲಾಗಿನ್ ಆಗಿ ನೋಡೋಣ. ಬಾಗಿಲು ತೆರೆಯದಿದ್ದರೆ ಬೇರೆ ದಾರಿ ಹುಡುಕಲು ಆಗ ಸಮಯವಿರುತ್ತದೆ, ಪಾಸ್‌ವರ್ಡ್ ನಮ್ಮಲ್ಲೇ ಉಳಿಯುತ್ತದೆ.