ಮೆತ್ತನೆಯ ಮೋಸ

ಕನ್ನಡದಲ್ಲಿ ‘ಎರೆ’ ಎಂಬುದು ಬಹು ಹಳೆಯ ಮಾತು. ಗಾಳಕ್ಕೆ ಚುಚ್ಚುವ ಆಹಾರವೂ ಎರೆ. ಹಸಿಮಣ್ಣಿನೊಳಗಿನ ಹುಳುವೂ ಎರೆ. ಕೆರೆಯ ಏರಿಯ ಮೇಲೆ ಕುಳಿತು ಗಾಳ ಹಾಕುವ ಹುಡುಗನಿಗೆ ಈ ಎರಡು ಅರ್ಥಗಳ ನಡುವೆ ಭೇದವೇ ತೋರದು. ತೆಂಗಿನ ಚಿಪ್ಪಿನಲ್ಲಿ ಒಂದಿಷ್ಟು ಮಣ್ಣು, ಅದರೊಳಗೆ ನಾಲ್ಕಾರು ಹುಳು. ಅಲ್ಲಿಗೆ ಅವನ ಸಿದ್ಧತೆ ಮುಗಿಯಿತು. ಹುಳುವಲ್ಲದ ಹುಳುವನ್ನು ಒಲೆಯ ಮೇಲೆ ಬೇಯಿಸಿ ತೆಗೆದು, ಅದರಿಂದಲೇ ಮೀನನ್ನು ನಂಬಿಸಬಹುದೆಂದು ಅವನಿಗೆ ಯಾರಾದರೂ ಹೇಳಿದರೆ ನಕ್ಕುಬಿಟ್ಟಾನು.

ಆದರೆ ಅಮೆರಿಕದ ಒಬ್ಬ ದಂಪತಿಗಳು ಮಾಡಿದ್ದು ಅದನ್ನೇ. 1949ನೆಯ ಇಸವಿ. ಒಹಾಯೋ ಸಂಸ್ಥಾನದ ಆಕ್ರನ್ ಪಟ್ಟಣವು ಮೋಟಾರು ಟೈರುಗಳಿಗೆ ಹೆಸರಾದ ಊರು. ಅಲ್ಲಿ ಯಂತ್ರಗಳ ಕೆಲಸ ಬಲ್ಲವನಾಗಿದ್ದ ನಿಕ್ ಕ್ರೀಮ್ ಮತ್ತು ಆತನ ಪತ್ನಿ ಕಾಸ್ಮಾ ತಮ್ಮ ಅಡುಗೆಮನೆಯಲ್ಲಿ ವಿನೈಲ್, ಎಣ್ಣೆ, ಬಣ್ಣಗಳನ್ನು ಬೆರೆಸಿ ಕಾಯಿಸತೊಡಗಿದರು. ನಿಜವಾದ ಎರೆಹುಳುವಿನಿಂದ ಅಚ್ಚು ತೆಗೆದು, ಆ ಅಚ್ಚಿನೊಳಗೆ ಈ ಪಾಕವನ್ನು ಹೊಯ್ದರು. ರಬ್ಬರಿನ ಹುಳುಗಳು ಅದಕ್ಕೆ ಮೊದಲೂ ಇದ್ದವು. ಆದರೆ ಅವು ಬಿರುಸು. ಕ್ರೀಮನ ಹುಳು ಬೆರಳ ತುದಿಯಲ್ಲಿ ಹಿಡಿದರೆ ತಾನೇ ನಡುಗುತ್ತಿತ್ತು. 1951ರಲ್ಲಿ ಅಂಚೆಯ ಮೂಲಕ ಮಾರಾಟ ಆರಂಭವಾಯಿತು. ಕೆಲವು ವರ್ಷಗಳ ಬಳಿಕ ಆ ಕಾರ್ಖಾನೆಯೇ ಟೆಕ್ಸಾಸ್ ಸಂಸ್ಥಾನದ ಟೈಲರ್ ಪಟ್ಟಣಕ್ಕೆ ವಲಸೆ ಹೋಯಿತು. ಅಲ್ಲಿ ಹೊಸದಾಗಿ ಕಟ್ಟಿದ ಜಲಾಶಯಗಳು, ಅವುಗಳ ತುಂಬ ಬಾಸ್ ಮೀನು. ಹುಸಿ ಹುಳುವಿಗೆ ಇನ್ನೇನು ಬೇಕು?

ಈ ಪಾಕದ ಮೂಲದ್ರವ್ಯವನ್ನು ನಮ್ಮ ರೈತರೆಲ್ಲರೂ ಬಲ್ಲರು. ಕೊಳವೆಬಾವಿಗೆ ಇಳಿಸುವ ಪಿ.ವಿ.ಸಿ. ಕೊಳವೆಯೂ ಅದೇ ವಸ್ತು. ತನ್ನಷ್ಟಕ್ಕೆ ತಾನು ಅದು ಗಡುಸು. ಅದಕ್ಕೆ ಎಣ್ಣೆಯಂಥ ಒಂದು ದ್ರವವನ್ನು ಸೇರಿಸಿದರೆ ಅದರ ಅಣುಗಳು ಒಂದನ್ನೊಂದು ಬಿಗಿಯಾಗಿ ಹಿಡಿಯಲಾರದೆ ಜಾರುತ್ತವೆ, ವಸ್ತು ಮೆತ್ತಗಾಗುತ್ತದೆ. ಕಾಯಿಸುವ ಮುನ್ನ ಈ ಮಿಶ್ರಣ ಹಾಲಿನಂತೆ ಬಿಳಿದಾಗಿ, ತೆಳ್ಳಗೆ ಇರುತ್ತದೆ. ಸುಮಾರು 175 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಬಂದಾಗ ಗಟ್ಟಿಯಾಗುತ್ತ, ಮತ್ತೆ ಸಡಿಲಿ, ತಿಳಿಯಾಗುತ್ತದೆ. ಹಲ್ವದ ಪಾಕ ನೋಡುವ ಬಾಣಸಿಗನಂತೆ ಅಚ್ಚುಗಾರನೂ ಆ ಹದವನ್ನು ಕಾದಿರಬೇಕು. ತಪ್ಪಿದರೆ ಸೀದು ಕಟು ಹೊಗೆಯೇಳುತ್ತದೆ.

ಕೆರೆಯ ಸಿಹಿನೀರಿಗೆಂದು ಹುಟ್ಟಿದ ಈ ಹುಳು ಕಡಲಂಚಿಗೆ ಬಂದದ್ದು ಆಮೇಲೆ. ಬಂದಾಗ ಹುಳುವಾಗಿ ಉಳಿಯಲಿಲ್ಲ. ಉಪ್ಪುನೀರಿನ ಮೀನು ತಿನ್ನುವುದು ಸಿಗಡಿಯನ್ನು, ಏಡಿಯನ್ನು, ಮರಿಮೀನನ್ನು. ಆದ್ದರಿಂದ ಹುಸಿಯೆರೆಯೂ ಸಿಗಡಿಯ ಮೈ ತಳೆಯಿತು. ಸುರುಳಿ ಬಾಲ ಬೆಳೆಸಿತು. ಹುಟ್ಟಿನ ಅಲಗಿನಂತೆ ಅಗಲವಾದ, ನೀರನ್ನು ಬಡಿದು ಕಂಪಿಸುವ ಬಾಲವನ್ನೂ ಪಡೆಯಿತು. ಅದನ್ನು ಪೋಣಿಸುವ ಗಾಳದ ಕೊರಳಿಗೆ ಒಂದು ಸೀಸದ ಗುಂಡು. ಎಂಟನೆಯ ಒಂದು ಔನ್ಸು, ಎಂದರೆ ಮೂರೂವರೆ ಗ್ರಾಮಿನಷ್ಟು ತೂಕದ ಆ ಗುಂಡೇ ಹುಸಿ ಮೀನಿನ ತಲೆ.

ಈ ವಿದ್ಯೆ ತನ್ನ ಪೂರ್ಣ ಸೂಕ್ಷ್ಮತೆಯಲ್ಲಿ ಬಳಕೆಯಾಗುವ ಸ್ಥಳಗಳಲ್ಲಿ ಟೆಕ್ಸಾಸಿನ ದಕ್ಷಿಣ ಕರಾವಳಿಯ ಲಗೂನಾ ಮಾದ್ರೆ ಒಂದು. ಸ್ಪ್ಯಾನಿಷ್ ಭಾಷೆಯ ಆ ಹೆಸರಿಗೆ ‘ತಾಯಿ ಹಿನ್ನೀರು’ ಎಂದು ಅರ್ಥ. ಪೂರ್ವಕ್ಕೆ ಪಾದ್ರೆ ದ್ವೀಪವೆಂಬ ಉದ್ದನೆಯ ಮರಳ ದಿಬ್ಬ. ಅದರಾಚೆ ಮೆಕ್ಸಿಕೋ ಕೊಲ್ಲಿಯ ಅಲೆಗಳು. ಪಶ್ಚಿಮಕ್ಕೆ ದನ ಮೇಯುವ ವಿಶಾಲ ಬಯಲು. ನಡುವೆ ನೂರಾರು ಕಿಲೋಮೀಟರು ಚಾಚಿದ ಈ ನೀರಿನ ಸರಾಸರಿ ಆಳ ಸುಮಾರು ಒಂದೇ ಮೀಟರು! ದೊಡ್ಡ ನದಿಯೊಂದೂ ಇದರೊಳಕ್ಕೆ ನೇರವಾಗಿ ಹರಿದು ಬರುವುದಿಲ್ಲ. ಬಿಸಿಲು ಮಾತ್ರ ಧಾರಾಳ. ಆದಕಾರಣ ಇಲ್ಲಿಯ ನೀರು ಅನೇಕ ವೇಳೆ ಕಡಲಿಗಿಂತಲೂ ಉಪ್ಪು. ಕ್ರೀಮ್ ದಂಪತಿಗಳು ಆಕ್ರನ್ನಿನಲ್ಲಿ ಪಾಕ ಕಾಯಿಸುತ್ತಿದ್ದ ಆ 1949ರಲ್ಲಿಯೇ ಈ ಹಿನ್ನೀರಿನ ಉದ್ದಕ್ಕೂ ಹಡಗುಗಾಲುವೆಯೊಂದನ್ನು ತೋಡಿ ಮುಗಿಸಿದರು. ಕಾಲುವೆಯ ಹೊರಗೆ ಇಂದಿಗೂ ನೀರು ಮೊಣಕಾಲಿಗೆ, ಸೊಂಟಕ್ಕೆ; ಅಡಿಯಲ್ಲಿ ಕಡಲ ಹುಲ್ಲಿನ ಹಾಸು.

ಇಂಥ ನೀರಿನಲ್ಲಿ ದೋಣಿಗಿಂತ ಕಾಲೇ ಮೇಲು. ದೋಣಿಯ ತಳಕ್ಕೆ ಅಲೆ ಬಡಿಯುವ ಸದ್ದಿಗೆ ಮೀನು ಓಡುತ್ತದೆ. ಆದ್ದರಿಂದ ಗಾಳಗಾರನು ನಸುಕಿನಲ್ಲಿಯೇ ನೀರಿಗೆ ಇಳಿಯುತ್ತಾನೆ. ಹೆಜ್ಜೆಯೆತ್ತಿ ಇಡುವಂತಿಲ್ಲ, ಪಾದವನ್ನು ನೆಲಕ್ಕೆ ಉಜ್ಜುತ್ತಲೇ ಸಾಗಬೇಕು. ಮರಳಿನಲ್ಲಿ ಹುದುಗಿ ಮಲಗಿದ ತೊರಕೆ ಮೀನಿನ ಬೆನ್ನನ್ನು ತುಳಿದರೆ ಅದರ ಬಾಲದ ಮುಳ್ಳು ಕಣಕಾಲಿಗೆ ನಾಟುತ್ತದೆ. ಉಜ್ಜುವ ಸಪ್ಪಳ ಕೇಳಿದರೆ ಅದು ತಾನಾಗಿಯೇ ದೂರ ಸರಿಯುತ್ತದೆ.

ಹೀಗೆ ನಿಂತವನು ಮೊದಲು ಗಾಳವನ್ನು ಎಸೆಯುವುದಿಲ್ಲ. ನೀರನ್ನು ಓದುತ್ತಾನೆ. ಮುಲ್ಲೆಟ್ ಎಂಬ ಸಣ್ಣ ಮೀನುಗಳು ಸುಮ್ಮನೆ ನೆಗೆಯುತ್ತಿವೆಯೋ, ಹೆದರಿ ಚದುರುತ್ತಿವೆಯೋ? ಅಲೆಗಳ ನಡುವೆ ಎಲ್ಲಿಯಾದರೂ ಎಣ್ಣೆ ಚೆಲ್ಲಿದಂತೆ ನುಣುಪಾದ ತೇಪೆ ತೋರುತ್ತಿದೆಯೋ? ಹೊಟ್ಟೆ ತುಂಬ ತಿಂದ ಮೀನುಗಳು ಕಕ್ಕಿದ ಕೊಬ್ಬು ಮೇಲೆ ತೇಲಿ ಬಂದಾಗ ಅಂಥ ತೇಪೆ ಹುಟ್ಟುತ್ತದೆ. ಅದಕ್ಕೆ ಹೆಚ್ಚಿದ ಕಲ್ಲಂಗಡಿಯ ವಾಸನೆಯಿರುತ್ತದೆಂದು ಆ ಕರಾವಳಿಯ ಹಳಬರು ಹೇಳುತ್ತಾರೆ. ಹೊಸಬರು ನಗುತ್ತಾರೆ, ಒಮ್ಮೆ ಮೂಗಿಗೆ ಬಡಿದ ಮೇಲೆ ನಗುವುದಿಲ್ಲ.

ಆ ತೇಪೆಯ ಕೆಳಗೆ ಇರುವುದು ಚುಕ್ಕೆ ಟ್ರೌಟ್. ಹೆಸರಿಗೆ ಟ್ರೌಟಾದರೂ ಹಿಮದ ಹೊಳೆಗಳ ಟ್ರೌಟಿಗೂ ಇದಕ್ಕೂ ನಂಟಿಲ್ಲ. ನಮ್ಮ ಅರಬ್ಬೀ ಸಮುದ್ರದ ಘೋಲ್ ಮೀನಿನ ವಂಶ ಇದರದು. ಮೇಲ್ದವಡೆಯಲ್ಲಿ ಕೋರೆಹಲ್ಲು, ಬೆನ್ನ ಮೇಲೆ ಕಪ್ಪು ಚುಕ್ಕೆ, ಬಾಯಿಯ ಒಳಗೆ ಹಳದಿ. ಅದೇ ವಂಶದ ಇನ್ನೊಂದು ಕೆಂಪು ಡ್ರಮ್. ಗಂಡು ಮೀನು ಗಾಳಿಚೀಲದ ಪಕ್ಕದ ಸ್ನಾಯುಗಳಿಂದ ಚೀಲವನ್ನು ಬಡಿದು ಡೋಲಿನಂತೆ ಸದ್ದು ಮಾಡುವುದರಿಂದ ಆ ಹೆಸರು. ಅದು ತಲೆಯನ್ನು ಕೆಳಗಿಟ್ಟು ಏಡಿಗಾಗಿ ಕೆಸರು ಕೆದಕುವಾಗ ಬಾಲ ನೀರಿನ ಮೇಲೆ ಆಡುತ್ತಿರುತ್ತದೆ. ಬಾಲದ ಬುಡದಲ್ಲಿ ಕಣ್ಣಿನಂಥದೊಂದು ಕಪ್ಪು ಬೊಟ್ಟು. ಬೆನ್ನಟ್ಟಿ ಬರುವ ವೈರಿಯು ಅದನ್ನೇ ಕಣ್ಣೆಂದು ಬಗೆದು ತಲೆಯನ್ನು ಬಿಟ್ಟು ಬಾಲಕ್ಕೆ ಬಾಯಿ ಹಾಕಲೆಂದೇ ಪ್ರಕೃತಿ ಅದನ್ನು ಇಟ್ಟಿದೆಯೆಂದು ಬಲ್ಲವರ ಊಹೆ. ಹಾಗಾದರೆ ಸುಳ್ಳಿನ ವ್ಯಾಪಾರವನ್ನು ಮೊದಲು ಹೂಡಿದವನು ಮನುಷ್ಯನೇನೂ ಅಲ್ಲ!

ಇನ್ನು ಕೈಯ ಕೆಲಸ. ಎಸೆದ ಹುಸಿಯೆರೆ ಮುಳುಗಬೇಕು; ಕೋಲಿನ ತುದಿಯನ್ನು ಒಂದೆರಡು ಬಾರಿ ಮೆಲ್ಲಗೆ ಮೇಲೆತ್ತಬೇಕು; ಬಳಿಕ ಬೀಳಲು ಬಿಡಬೇಕು. ಹುಲ್ಲಿನ ಮರೆಯಿಂದ ಚಿಮ್ಮಿ, ದಣಿದು, ಮತ್ತೆ ಇಳಿಯುವ ಸಿಗಡಿಯ ನಡೆ ಇದು. ಮೀನು ಕಚ್ಚುವುದು ಸಾಮಾನ್ಯವಾಗಿ ಮೇಲೇಳುವಾಗ ಅಲ್ಲ, ಬೀಳುವಾಗ. ಆಗ ದಾರವು ಪೂರ್ತಿ ಬಿಗಿದಿದ್ದರೆ ಎರೆ ಸಹಜವಾಗಿ ಇಳಿಯದು. ಪೂರ್ತಿ ಸಡಿಲಿದ್ದರೆ ಕಚ್ಚಿದ್ದು ಕೈಗೆ ತಿಳಿಯದು. ಈ ಎರಡರ ನಡುವಿನ ಹದವನ್ನು ಯಾವ ಅಂಗಡಿಯೂ ಮಾರುವುದಿಲ್ಲ. ನೀರು ತಣ್ಣಗಿರುವ ಮಾಗಿಯಲ್ಲಿ ಮೀನಿನ ಮೈ ಜಡವಾಗಿರುತ್ತದೆ. ಆಗ ಎರೆಯೂ ಜಡವಾಗಬೇಕು. ಕೈ ಸುಮ್ಮನಿರಲಾರದ ಮನುಷ್ಯನಿಗೆ ಆ ತಿಂಗಳುಗಳಲ್ಲಿ ಬರಿಗೈಯೇ ಗತಿ.

ಬಣ್ಣದ ವಿಷಯದಲ್ಲಿ ಗಾಳಗಾರರ ನಡುವೆ ನಡೆಯುವ ವಾದ ನಮ್ಮ ಪಂಡಿತರ ವಾದಗಳಿಗೆ ಯಾವ ರೀತಿಯಲ್ಲಿಯೂ ಕಡಿಮೆಯಲ್ಲ. ಕದಡಿದ ನೀರಿಗೆ ಕಪ್ಪುಛಾಯೆ, ತಿಳಿನೀರಿಗೆ ತಿಳಿಬಣ್ಣ ಎಂಬುದು ಸ್ಥೂಲ ನಿಯಮ. ಉಳಿದದ್ದು ಬಹುಮಟ್ಟಿಗೆ ಅವರವರ ಭಕ್ತಿ.

ಮೀನು ಆಹಾರವನ್ನು ಹಿಡಿಯುವುದು ಕೈಯಿಂದಲ್ಲವಷ್ಟೆ. ಬಾಯಿಯನ್ನು ಥಟ್ಟನೆ ತೆರೆದು, ನೀರಿನೊಡನೆ ಎಳೆದುಕೊಳ್ಳುತ್ತದೆ. ಒಳಗೆ ಬಂದದ್ದು ಮರದಂತೆ, ಲೋಹದಂತೆ ಗಡುಸಾಗಿದ್ದರೆ ಕ್ಷಣಮಾತ್ರದಲ್ಲಿ ಉಗುಳಿಬಿಡುತ್ತದೆ. ಮೆತ್ತಗಿದ್ದರೆ ಒಂದು ಕ್ಷಣ ತಡೆಯುತ್ತದೆ. ಕ್ರೀಮನ ಅಡುಗೆಮನೆಯ ಶೋಧದ ಬೆಲೆಯೆಲ್ಲವೂ ಆ ಒಂದು ಕ್ಷಣದಲ್ಲಿದೆ. ಆಗ ಗಾಳಗಾರನ ಮಣಿಕಟ್ಟು ತಿರುಗಬೇಕು; ಆದರೆ ಜಗ್ಗಬಾರದು. ಚುಕ್ಕೆ ಟ್ರೌಟಿನ ಬಾಯಿಯ ಪೊರೆ ಬಹಳ ಮೃದು. ಬಲವಾಗಿ ಎಳೆದರೆ ಹರಿದುಹೋಗುತ್ತದೆ. ಮೀನೂ ಹೋಗುತ್ತದೆ, ಗಾಯವನ್ನೂ ಹೊತ್ತೊಯ್ಯುತ್ತದೆ.

ಹುಸಿಯೆರೆಯ ಪರವಾಗಿ ಹೇಳಬೇಕಾದ ದೊಡ್ಡ ಮಾತು ಇಲ್ಲಿದೆ. ಜೀವದ ಎರೆಯನ್ನು ಮೀನು ನಿರಾತಂಕವಾಗಿ ನುಂಗುತ್ತದೆ; ಗಾಳವು ಗಂಟಲಿಗೋ ಕರುಳಿಗೋ ಇಳಿದರೆ ಬಿಟ್ಟ ಮೀನೂ ಬದುಕುವುದು ಕಷ್ಟ. ಹುಸಿಯೆರೆಯ ಗಾಳ ಸಾಮಾನ್ಯವಾಗಿ ತುಟಿಗೋ ದವಡೆಗೋ ಸಿಕ್ಕುತ್ತದೆ. ಬಿಡಿಸಿ ನೀರಿಗೆ ಬಿಟ್ಟರೆ ಬಹುಪಾಲು ಬದುಕುತ್ತದೆ. ಬಿಡುವ ಅಗತ್ಯವೂ ಆ ಕರಾವಳಿಯಲ್ಲಿ ಬಂದೊದಗಿದೆ. 1980ರ ದಶಕದಲ್ಲಿ ನ್ಯೂ ಆರ್ಲಿಯನ್ಸಿನ ಪಾಕಪ್ರವೀಣ ಪಾಲ್ ಪ್ರುಡೋಮ್ ಕೆಂಪು ಡ್ರಮ್ಮಿಗೆ ಮಸಾಲೆ ಮೆತ್ತಿ, ಕಾದ ಬಾಣಲೆಯಲ್ಲಿ ಕಪ್ಪಾಗುವಂತೆ ಕರಿದು ಬಡಿಸಿದನು. ಇಡೀ ದೇಶ ಆ ರುಚಿಗೆ ಮರುಳಾಯಿತು. ಕೊಲ್ಲಿಯ ಮೀನು ಬಲೆ ಬಲೆಯಾಗಿ ದಡಕ್ಕೆ ಬಂತು. ಟೆಕ್ಸಾಸ್ ಸಂಸ್ಥಾನವು 1981ರಲ್ಲಿಯೇ ತನ್ನ ನೀರಿನ ಕೆಂಪು ಡ್ರಮ್ ಮತ್ತು ಚುಕ್ಕೆ ಟ್ರೌಟುಗಳ ಮಾರಾಟವನ್ನು ನಿಷೇಧಿಸಿತ್ತು. ಬಳಿಕ ಅಲ್ಲಿ ಒಬ್ಬನು ದಿನಕ್ಕೆ ಮೂರು ಕೆಂಪು ಡ್ರಮ್ಮುಗಳನ್ನು ಮಾತ್ರ ಮನೆಗೆ ಒಯ್ಯಬಹುದೆಂಬ ನಿಯಮ ಬಂತು. ಅವೂ ಸಾಮಾನ್ಯವಾಗಿ 20ರಿಂದ 28 ಅಂಗುಲದೊಳಗಿನವು. ಚಿಕ್ಕದು ಬೆಳೆಯಲಿ, ದೊಡ್ಡದು ಮೊಟ್ಟೆಯಿಡಲಿ ಎಂಬುದು ಲೆಕ್ಕ.

ಕಾನೂನು ಬಲೆಯನ್ನು ತಡೆದೀತು, ಹವೆಯನ್ನು ತಡೆಯಲಾರದು. 2021ರ ಫೆಬ್ರವರಿಯಲ್ಲಿ ಉತ್ತರದ ಶೀತಗಾಳಿ ಟೆಕ್ಸಾಸಿನ ಮೇಲೆ ಎರಗಿತು. ಆಳವಾದ ನೀರಿನ ಆಸರೆಯಿಲ್ಲದ ಹಿನ್ನೀರಿನ ಮೀನು ಇದ್ದಲ್ಲಿಯೇ ಮರಗಟ್ಟಿತು. ಆ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನುಗಳು ಸತ್ತವೆಂದು ಸಂಸ್ಥಾನದ ವನ್ಯಜೀವಿ ಇಲಾಖೆ ಅಂದಾಜು ಮಾಡಿತು. ಚುಕ್ಕೆ ಟ್ರೌಟಿಗೆ ಬಿದ್ದ ಪೆಟ್ಟು ಭಾರಿಯಾದದ್ದು. ಅದರಲ್ಲಿಯೂ ಲಗೂನಾ ಮಾದ್ರೆಯಲ್ಲಿ. ಒಂದು ಕಾಲದಲ್ಲಿ ದಿನಕ್ಕೆ ಹತ್ತು ಟ್ರೌಟುಗಳನ್ನು ಒಯ್ಯಬಹುದಾಗಿತ್ತು. 2024ರಲ್ಲಿ ಅದು ಇಡೀ ಕರಾವಳಿಗೆ ಮೂರಕ್ಕೆ ಇಳಿಯಿತು. ಆ ಚಳಿಯ ಬಳಿಕ ಗಾಳಗಾರರಲ್ಲಿ ಎಷ್ಟೋ ಮಂದಿ ಕಾನೂನಿಗೆ ಕಾಯದೆ, ಹಿಡಿದದ್ದನ್ನೆಲ್ಲ ನೀರಿಗೇ ಬಿಡತೊಡಗಿದರು. ತಿನ್ನದ ಮೀನನ್ನು ಹಿಡಿಯುವುದೇಕೆಂದು ನಮ್ಮ ಕಡೆಯ ಅಜ್ಜಿಯೊಬ್ಬಳು ಕೇಳಿದರೆ ಅವರಲ್ಲಿ ಸಮಾಧಾನಕರವಾದ ಉತ್ತರವಿಲ್ಲ. ಆದರೂ ಹಿನ್ನೀರಿನ ಲೆಕ್ಕಕ್ಕೆ ಆ ಮೀನು ಉಳಿಯಿತು.

ಮೀನನ್ನು ಬಿಟ್ಟರು ಸರಿ. ಎರೆಯೂ ಅಲ್ಲಿಯೇ ಉಳಿದರೆ? ಈ ಮೋಸಕ್ಕೆ ಎರಡನೆಯ ಮುಖವೊಂದಿದೆ. ಮೆತ್ತನೆಯದು ಬೇಗ ಹರಿಯುತ್ತದೆ. ಬೇಟೆಯ ಮೀನಿಗಿಂತ ಮೊದಲು ಪಿನ್‌ಫಿಷ್ ಎಂಬ ಪುಟ್ಟ ಪೋಕರಿ ಮೀನುಗಳು ಬಾಲವನ್ನು ಕಡಿದೊಯ್ಯುತ್ತವೆ. ಸಿಂಪಿಯ ಬಂಡೆಗೆ ಸಿಕ್ಕಿ ದಾರ ಕಡಿದರೆ ಗಾಳಸಮೇತ ಎಲ್ಲವೂ ತಳಕ್ಕೆ. ನಿಜವಾದ ಹುಳು ಎರಡು ದಿನದಲ್ಲಿ ಕೊಳೆತೀತು. ವಿನೈಲ್ ಹುಳು ಕೊಳೆಯದು. ಅದನ್ನು ಮೆತ್ತಗಾಗಿಸಿದ ದ್ರವ ಮಾತ್ರ ನಿಧಾನವಾಗಿ ಹೊರಕ್ಕೆ ಜಿನುಗುತ್ತಿರುತ್ತದೆ. ಮೇನ್ ಸಂಸ್ಥಾನದಲ್ಲಿ ತೊಟ್ಟಿಗಳಲ್ಲಿ ಸಾಕಿದ ಬ್ರೂಕ್ ಟ್ರೌಟುಗಳ ಮುಂದೆ ಇಂಥ ಎರೆಗಳನ್ನು ಹಾಕಿ ಪರೀಕ್ಷಿಸಿದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಗಾಳವಿಲ್ಲ, ದಾರವಿಲ್ಲ, ಕೋಲು ಕುಣಿಸುವ ಕೈಯೂ ಇಲ್ಲ. ಆದರೂ ಮೀನುಗಳು ತಾವಾಗಿಯೇ ನುಂಗಿದವು. ನುಂಗಿದ್ದು ಹೊಟ್ಟೆಯಲ್ಲಿ ವಾರಗಟ್ಟಲೆ ಉಳಿಯಿತು. ಮೀನಿನ ತೂಕ ಇಳಿಯಿತು. 2013ರಲ್ಲಿ ಅದೇ ಸಂಸ್ಥಾನದ ಶಾಸನಸಭೆಯ ಮುಂದೆ ಮೆತ್ತನೆಯ ಎರೆಗಳನ್ನು ನಿಷೇಧಿಸುವ ಮಸೂದೆ ಬಂತು. ಗಾಳಗಾರರೂ ವ್ಯಾಪಾರಿಗಳೂ ಎದ್ದು ನಿಂತರು. ನಿಷೇಧವಾಗಲಿಲ್ಲ; ವಿಷಯವನ್ನು ಇನ್ನಷ್ಟು ಪರಿಶೀಲಿಸಬೇಕೆಂದು ನಿರ್ಣಯವಾಯಿತು. ಶಾಸನಸಭೆಗಳು ಎಲ್ಲ ದೇಶಗಳಲ್ಲಿಯೂ ಒಂದೇ.

ಅದು ಸಿಹಿನೀರಿನ ಮಾತು, ಕಡಲು ದೊಡ್ಡದು ಎಂದು ಉಪ್ಪುನೀರಿನವರು ತಮ್ಮನ್ನು ತಾವು ಸಮಾಧಾನಪಡಿಸಿಕೊಳ್ಳಬಹುದು. ಆದರೆ ಒಂದು ಮೀಟರಿನ ಆಳದ ಹಿನ್ನೀರನ್ನು ಕಡಲೆಂದು ಕರೆಯುವುದು ಹೇಗೆ? ನೀರಿನಲ್ಲಿ ಕರಗುವ, ಬೇಗ ಶಿಥಿಲವಾಗುವ ಎರೆಗಳೂ ಮಾರುಕಟ್ಟೆಗೆ ಬಂದಿವೆ. ಅವು ಗಾಳಿಗೆ ಬಿಟ್ಟರೆ ಒಣಗಿ ಮರದ ಚಕ್ಕೆಯಾಗುತ್ತವೆಂಬುದು ಅವುಗಳ ಮೇಲಿನ ದೂರು. ಹಳೆಯ ಎರೆಯಾದರೂ ಪೆಟ್ಟಿಗೆಯಲ್ಲಿ ಸಾಧುವೇನಲ್ಲ. ಅದರೊಳಗಿನ ದ್ರವ ಹೊರಬಂದು, ಗಡುಸು ಪ್ಲಾಸ್ಟಿಕ್ಕಿನ ಪೆಟ್ಟಿಗೆಯನ್ನೇ ಕರಗಿಸಿ ಅಂಟಿಸುವುದುಂಟು; ಪೆಟ್ಟಿಗೆ ತೆರೆದವನ ಕೈಗೆ ಬಣ್ಣಬಣ್ಣದ ಒಂದು ಗೊಜ್ಜು ದೊರೆಯುತ್ತದೆ.

ಈಚೆಗೆ ಆ ಹಿನ್ನೀರಿನಲ್ಲಿ ಎಚ್ಚರವುಳ್ಳ ಗಾಳಗಾರರು ಹರಿದ ಎರೆಯನ್ನು ನೀರಿಗೆ ಎಸೆಯುವುದಿಲ್ಲ; ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಾರೆ. ಬಿಸಿಲೇರಿ, ಮೀನು ಆಳದ ನೆರಳು ಹುಡುಕಿಕೊಂಡು ಹೋದ ಮೇಲೆ, ಪಾದ ಉಜ್ಜುತ್ತ ದಡಕ್ಕೆ ಬಂದು ಜೇಬನ್ನು ಬುಟ್ಟಿಗೆ ಬರಿದುಮಾಡುತ್ತಾರೆ. ಬಾಲವಿಲ್ಲದ ನಾಲ್ಕಾರು ಸಿಗಡಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ನೇರಳೆಯದರ ಬಣ್ಣ ಬಿಳಿಯದಕ್ಕೆ ಹತ್ತಿರುತ್ತದೆ, ಉಳಿದದ್ದು ಅಂಗಿಗೆ.