ಗಟಾರದ ಹೊಣೆ ಪಾಲಿಕೆಯದು, ಹಿಡಿತ ಓಣಿಯದು

ರೋಹಿಣಿ ಮಳೆ ಮುಗಿದು ಮಿರಗ ಕೂಡುವ ಹೊತ್ತಿಗೆ ಹುಬ್ಬಳ್ಳಿ-ಧಾರವಾಡದ ಓಣಿಗಳಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ ಏಳುತ್ತದೆ: ಈ ಗಟಾರ ಯಾರದು? ಕೇಳಲು ಹೋದವನಿಗೆ ಉತ್ತರ ಸಿಗುವದಿಲ್ಲ, ಇನ್ನೊಂದು ಕಚೇರಿಯ ವಿಳಾಸ ಸಿಗುತ್ತದೆ. ಈ ಕಚೇರಿಯವರು ಆ ಕಚೇರಿಗೆ ಹೋಗೆನ್ನುತ್ತಾರೆ. ಆ ಕಚೇರಿಯವರು ಮತ್ತೊಂದಕ್ಕೆ ಕಳಿಸುತ್ತಾರೆ. ಅರ್ಜಿ ಊರು ಸುತ್ತಿ ಬರುವಷ್ಟರಲ್ಲಿ ಮಳೆಯೇ ಬಂದಿರುತ್ತದೆ. ನೀರು ಯಾರ ಅಪ್ಪಣೆಯನ್ನೂ ಕಾಯದೆ ಹೊಸ್ತಿಲು ದಾಟುತ್ತದೆ, ಅಂಗಡಿಯ ಜೋಳದ ಚೀಲಗಳ ಬುಡ ತೋಯಿಸುತ್ತದೆ, ರಾತ್ರಿ ಪಾಳಿ ಮುಗಿಸಿ ಬಂದ ಕಾಮಗಾರನಿಗೆ ಹಾಸಿಗೆ ಹಾಸಲು ಒಣ ಜಾಗ ಇಲ್ಲದಂತೆ ಮಾಡುತ್ತದೆ.

ಇದರಿಂದ ಬೇಸತ್ತ ಓಣಿಯ ಸಂಘಗಳು ಕಡೆಗೆ ಒಂದು ಮಾತಿಗೆ ಬರುವದು ಸಹಜ: "ಪಾಲಿಕೆಗೆ ಆಗದಿದ್ದರೆ ಗಟಾರವನ್ನು ನಮಗೆ ಒಪ್ಪಿಸಲಿ. ಮನೆಗಿಷ್ಟು, ಅಂಗಡಿಗಿಷ್ಟು ವಂತಿಗೆ ಎತ್ತಿ ಆಳು ಹಚ್ಚಿ ಬಳಿಸುತ್ತೇವೆ." ಮಾತಿನಲ್ಲಿ ಸ್ವಾಭಿಮಾನವಿದೆ. ಸರಕಾರದ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲುವದಕ್ಕಿಂತ ತನ್ನ ಓಣಿಯನ್ನು ತಾನೇ ನೋಡಿಕೊಳ್ಳುತ್ತೇನೆಂಬುವನು ಮೇಲು. ಆದರೆ ಈ ಮಾತಿನ ಅರ್ಧವನ್ನು ನಾವು ಒಪ್ಪಬೇಕು, ಇನ್ನರ್ಧವನ್ನು ಒಪ್ಪಬಾರದು. ಯಾವ ಅರ್ಧ, ಏಕೆ ಎಂಬದನ್ನು ವಿಚಾರ ಮಾಡೋಣ.

ಮೊದಲು ಗಟಾರವೆಂದರೆ ಎಷ್ಟು ದೊಡ್ಡ ಕೆಲಸವೆಂಬದು ತಿಳಿಯಬೇಕು. ಒಂದು ತಾಸಿಗೆ 25 ಮಿಲಿಮೀಟರ ಮಳೆ ನಮ್ಮಲ್ಲಿ ಅಪರೂಪದ ಸಂಗತಿಯಲ್ಲ. ಅಷ್ಟು ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಅದು 1 ಲಕ್ಷ ಲೀಟರ ನೀರು. 5 ಸಾವಿರ ಲೀಟರಿನ ಟ್ಯಾಂಕರುಗಳಲ್ಲಿ ತುಂಬಿದರೆ 20 ಟ್ಯಾಂಕರು. ಹೊಲವಿದ್ದಾಗ ಅದರಲ್ಲಿ ಒಂದು ಪಾಲನ್ನು ಭೂಮಿ ಕುಡಿಯುತ್ತಿತ್ತು. ಅದೇ ಹೊಲ ಪ್ಲಾಟಾಗಿ, ಮೇಲೆ ಆರ್.ಸಿ.ಸಿ. ಬಂದು, ರಸ್ತೆಗೆ ಕಾಂಕ್ರೀಟು ಬಿದ್ದ ಮೇಲೆ ಹೆಚ್ಚುಕಡಿಮೆ ಇಪ್ಪತ್ತೂ ಟ್ಯಾಂಕರು ಗಟಾರಕ್ಕೇ ಬರುತ್ತವೆ. ನಮ್ಮದು ಎರೆಭೂಮಿಯ ಸೀಮೆ. ಎರೆ ಒಮ್ಮೆ ತೊಯ್ದು ಉಬ್ಬಿತೆಂದರೆ ಮುಂದೆ ನೀರು ಇಂಗುವದು ಬಹಳ ಸಾವಕಾಶ. ಗಟಾರದ ಅರ್ಧ ಆಳ ಹೂಳು ತುಂಬಿದ್ದರೆ ಹತ್ತು ಟ್ಯಾಂಕರಿನ ನೀರು ಎಲ್ಲಿಗೆ ಹೋಗಬೇಕು? ಅದು ಓಣಿಗೇ ಬರಬೇಕು.

ಎರಡನೆಯದಾಗಿ, ನೀರಿಗೆ ಓಣಿಯ ಗಡಿ ಗೊತ್ತಿಲ್ಲ. ಧಾರವಾಡದಲ್ಲಿ ಹುಟ್ಟುವ ಶಾಲ್ಮಲೆ ಪಡುವಣಕ್ಕೆ ಹರಿದು ಬೇಡ್ತಿಯ ಮೂಲಕ ಅರಬ್ಬಿ ಸಮುದ್ರ ಸೇರುತ್ತಾಳೆ. ಉಣಕಲ್ಲ ಕೆರೆಯಿಂದ ಹೊರಟ ನಾಲಾ ಹುಬ್ಬಳ್ಳಿಯ ನಡುವೆ ಹಾಯ್ದು ಹೋಗುತ್ತದೆ. ಹುಬ್ಬಳ್ಳಿಯ ಹೊಲಸು ನೀರು ಬೆಣ್ಣಿಹಳ್ಳಕ್ಕೆ ಕೂಡಿ, ನವಲಗುಂದ ಸೀಮೆಯ ರೈತರ ಹೊಲಗಳ ಮಗ್ಗುಲಿಗೆ ಹರಿದು ಮಲಪ್ರಭೆಗೆ ಮುಟ್ಟುತ್ತದೆ. ಮೇಲಿನ ಬಡಾವಣೆಯವರು ತಮ್ಮ ಗಟಾರವನ್ನು ಚೊಕ್ಕಟ ಮಾಡಿಕೊಂಡರೆ ಅವರ ನೀರು ಇನ್ನಷ್ಟು ಜೋರಾಗಿ ಕೆಳಗಿನ ಓಣಿಗೆ ನುಗ್ಗುತ್ತದೆ. ಕೆಳಗಿನ ಓಣಿಯ ಗಟಾರ ಹೂಳು ತುಂಬಿಯೇ ಇದ್ದರೆ ಅಲ್ಲಿಯವರು ಮುಳುಗಬೇಕು. ಊರಿನ ಇಳಿಜಾರಿನ ಕೊನೆಗೆ, ನಾಲಾದ ದಂಡೆಗೆ ಯಾರ ಮನೆಗಳಿವೆ ಎಂಬದನ್ನು ಈ ಪತ್ರಿಕೆಯ ವಾಚಕರಿಗೆ ಹೇಳುವ ಕಾರಣವಿಲ್ಲ. ಗಟಾರವು ಓಣಿಯ ಆಸ್ತಿಯಲ್ಲ. ಅದು ಊರಿನ ನರ. ನರವನ್ನು ತುಂಡು ತುಂಡಾಗಿ ಹಂಚಿಕೊಳ್ಳಲು ಬರುವದಿಲ್ಲ.

ಹಾಗಾದರೆ ಇದು ಯಾರ ಕೆಲಸ? ಹುಬ್ಬಳ್ಳಿಗೆ 1855ರಲ್ಲಿ, ಧಾರವಾಡಕ್ಕೆ 1856ರಲ್ಲಿ ಮುನ್ಸಿಪಾಲಿಟಿ ಬಂದವು. 1962ರಲ್ಲಿ ಎರಡನ್ನೂ ಕೂಡಿಸಿ ಮಹಾನಗರ ಪಾಲಿಕೆ ಮಾಡಿದರು. 1976ರ ಕರ್ನಾಟಕದ ಮುನ್ಸಿಪಲ್ ಕಾರ್ಪೊರೇಶನ್ ಕಾಯದೆಯ 58ನೆಯ ಕಲಮು ಪಾಲಿಕೆಯ ಕಡ್ಡಾಯ ಕರ್ತವ್ಯಗಳನ್ನು ಹೇಳುತ್ತದೆ. ಗಟಾರ ಕಟ್ಟುವದು, ಕಾಯುವದು, ಚೊಕ್ಕಟ ಮಾಡುವದು ಅವುಗಳಲ್ಲಿ ಸೇರಿದೆ. ಮನಸ್ಸಿದ್ದರೆ ಮಾಡಬಹುದಾದ ಕೆಲಸಗಳ ಪಟ್ಟಿ ಬೇರೆಯೇ ಇದೆ. ಗಟಾರ ಆ ಪಟ್ಟಿಯಲ್ಲಿಲ್ಲ. ಕಾಯದೆ ಇಷ್ಟು ಸ್ಪಷ್ಟವಿದ್ದರೂ ಹೊಣೆ ಕೈ ಜಾರುವದೇಕೆ?

ಏಕೆಂದರೆ ಒಂದೇ ನೀರಿಗೆ ಹತ್ತು ಯಜಮಾನರಿದ್ದಾರೆ. ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದು, ಹೆದ್ದಾರಿ ಮತ್ತೊಬ್ಬರದು, ಹೊಸ ಬಡಾವಣೆ ನಗರಾಭಿವೃದ್ಧಿ ಪ್ರಾಧಿಕಾರದ್ದು, ಪಾಲಿಕೆಗೆ ಹಸ್ತಾಂತರವಾಗದ ಖಾಸಗಿ ಬಡಾವಣೆ ಯಾರದೂ ಅಲ್ಲ. ಅವಳಿ ನಗರಗಳ ನಡುವೆ 2018ರಲ್ಲಿ ಬಿ.ಆರ್.ಟಿ.ಎಸ್. ಬಸ್ಸು ಓಡಲಾರಂಭಿಸಿದ ಮೇಲೆ ಧಾರವಾಡದ ಟೋಲ್ ನಾಕಾದ ಹತ್ತಿರ ಆ ದಾರಿಯೇ ಮಳೆಯಲ್ಲಿ ಕೆರೆಯಾದದ್ದನ್ನು ಊರೆಲ್ಲ ನೋಡಿದೆ. ಬಸ್ಸಿಗೆ ದಾರಿ ಕಟ್ಟಿದವರು ನೀರಿಗೆ ದಾರಿ ಬಿಡಲಿಲ್ಲ. ಸ್ಮಾರ್ಟ್ ಸಿಟಿಯ ಹೆಸರಿನಲ್ಲಿ ಉಣಕಲ್ಲ ನಾಲಾದ ದಂಡೆಗುಂಟ ಸೈಕಲ್ಲಿನವರಿಗೆ, ನಡೆಯುವವರಿಗೆ ಹಸಿರು ದಾರಿ ಎಂದು ಯೋಜನೆ ಬಂತು. ಫ್ರಾನ್ಸಿನ ಸಂಸ್ಥೆಯ ನೆರವೂ ಬಂತು. 2025ರ ಮಾರ್ಚಿಗೆ ಸ್ಮಾರ್ಟ್ ಸಿಟಿ ಮಿಷನ್ನಿನ ಅವಧಿ ಮುಗಿಯಿತು. ದಾರಿ ಕಟ್ಟಲು ಹೊರಗಿನಿಂದ ರೊಕ್ಕ ಬರುತ್ತದೆ; ಅದರ ಮಗ್ಗುಲಿನ ನಾಲಾದ ಹೂಳು ತೆಗೆಯಲು ಪ್ರತಿ ವರ್ಷ ಪಾಲಿಕೆಯೇ ರೊಕ್ಕ ಹೊಂದಿಸಬೇಕು. ಹೊಸ ಕೆಲಸಕ್ಕೆ ಟೆಂಡರು ಇದೆ, ಅಡಿಗಲ್ಲಿದೆ, ಹೂಮಾಲೆಯಿದೆ. ಹಳೆಯ ಗಟಾರ ಬಳಿಯುವ ಕೆಲಸಕ್ಕೆ ಉದ್ಘಾಟನೆಯೇ ಇಲ್ಲ. ಆದ್ದರಿಂದ ಅದರಲ್ಲಿ ಪುಢಾರಿಗಳಿಗೆ ಆಸಕ್ತಿಯೂ ಇಲ್ಲ.

ಇನ್ನೊಂದು ಮಾತನ್ನೂ ನೆನಪಿನಲ್ಲಿಡಬೇಕು. 2019ರ ಮಾರ್ಚಿನಲ್ಲಿ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ನಡೆದದ್ದು 2021ರ ಸಪ್ಟೆಂಬರಿನಲ್ಲಿ. ಮೇಯರು ಆರಿಸಿ ಬಂದದ್ದು 2022ರ ಮೇ ತಿಂಗಳಲ್ಲಿ. ಮೂರು ಮಳೆಗಾಲ ಈ ಊರಿಗೆ ಮೇಯರು ಇರಲಿಲ್ಲ. 2011ರ ಜನಗಣತಿಯಲ್ಲೇ 9 ಲಕ್ಷ 43 ಸಾವಿರ ಜನರಿದ್ದ ಊರು ಇದು. 2025ರ ಜನವರಿಯಲ್ಲಿ ಧಾರವಾಡಕ್ಕೆ ಬೇರೆ ಪಾಲಿಕೆ ಮಾಡಲು ರಾಜ್ಯದ ಮಂತ್ರಿಮಂಡಲ ಒಪ್ಪಿಗೆ ಕೊಟ್ಟಿತು. ಪಾಲಿಕೆ ಒಂದಿರಲಿ, ಎರಡಿರಲಿ, ಓಣಿಯ ಮಾತಿಗೆ ಬೆಲೆ ಇಲ್ಲದಿದ್ದರೆ ಬೋರ್ಡು ಮಾತ್ರ ಬದಲಾಗುತ್ತದೆ, ಗಟಾರ ಬದಲಾಗುವದಿಲ್ಲ.

"ಪಾಲಿಕೆಯಲ್ಲಿ ರೊಕ್ಕವಿಲ್ಲ" ಎಂಬದು ಕಡೆಯ ಉತ್ತರ. ಈ ಉತ್ತರಕ್ಕೆ ದೇಶದ ಅತಿ ದೊಡ್ಡ ನ್ಯಾಯಾಲಯ 1980ರಲ್ಲೇ ಜವಾಬು ಕೊಟ್ಟಿದೆ. ಮಧ್ಯಪ್ರದೇಶದ ರತ್ಲಾಮಿನಲ್ಲಿ ಒಂದು ವಾರ್ಡಿನ ಜನ ಹೊಲಸು ನೀರು, ತೆರೆದ ಗಟಾರ, ಸಾರಾಯಿ ಕಾರಖಾನೆಯ ಕೊಳೆಯಿಂದ ರೋಸಿ ಹೋಗಿ ದಂಡಾಧಿಕಾರಿಯ ಮುಂದೆ ಅರ್ಜಿ ಕೊಟ್ಟರು. ಸಾರ್ವಜನಿಕ ಉಪದ್ರವ ತೆಗೆಯಿಸುವ 133ನೆಯ ಕಲಮಿನ ಕೆಳಗೆ ದಂಡಾಧಿಕಾರಿ ಮುನ್ಸಿಪಾಲಿಟಿಗೆ ಗಟಾರ ಕಟ್ಟಲು ಹುಕುಮು ಮಾಡಿದರು. ಸೆಷನ್ಸ್ ಕೋರ್ಟು ಅದನ್ನು ರದ್ದು ಮಾಡಿತು, ಹೈಕೋರ್ಟು ಮತ್ತೆ ಎತ್ತಿ ಹಿಡಿಯಿತು. ಮುನ್ಸಿಪಾಲಿಟಿ ದಿಲ್ಲಿಯವರೆಗೆ ಹೋಯಿತು, ರೊಕ್ಕವಿಲ್ಲವೆಂದಿತು. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರರು ಅದನ್ನು ಒಪ್ಪಲಿಲ್ಲ. ಜನರ ಆರೋಗ್ಯ ಕಾಯಲೆಂದೇ ಹುಟ್ಟಿದ ಸಂಸ್ಥೆ ಬಡತನದ ನೆವ ಹೇಳಿ ಕರ್ತವ್ಯದಿಂದ ತಪ್ಪಿಸಿಕೊಳ್ಳಬಾರದು ಎಂಬದು ಆ ತೀರ್ಪಿನ ಸಾರ. ಆ ಹಳೆಯ 133ನೆಯ ಕಲಮು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 152ನೆಯ ಕಲಮಾಗಿ ಉಳಿದಿದೆ. ಓಣಿಯ ಹತ್ತು ಜನ ಸಹಿ ಮಾಡಿ ಉಪವಿಭಾಗ ದಂಡಾಧಿಕಾರಿಯ ಮುಂದೆ ಹೋಗುವ ದಾರಿ ಇಂದಿಗೂ ತೆರೆದಿದೆ.

ಈಗ ಸಂಘಗಳ ಮಾತಿಗೆ ಬರೋಣ. ಗಟಾರದ ಹೊಣೆಯನ್ನು ಪೂರ್ತಿಯಾಗಿ ಸಂಘವೇ ಹೊತ್ತರೆ ಮೂರು ಕೆಡಕುಗಳಾಗುತ್ತವೆ.

ಒಂದು, ನಾವು ಒಂದೇ ಸರಕಿಗೆ ಎರಡು ಸಲ ಬೆಲೆ ಕೊಡುತ್ತೇವೆ. ಮನೆಪಟ್ಟಿ ತುಂಬುತ್ತೇವೆ, ಅದರ ಜೊತೆಗೆ ಗ್ರಂಥಾಲಯದ ಕರ, ಭಿಕ್ಷುಕರ ಕರ ತುಂಬುತ್ತೇವೆ. ಮೇಲೆ ಓಣಿಯ ವಂತಿಗೆ. ಯಾವ ವ್ಯಾಪಾರಸ್ಥನು ರೊಕ್ಕ ಕೊಟ್ಟ ಮಾಲನ್ನು ಬಿಟ್ಟುಕೊಟ್ಟು ಮತ್ತೆ ಕೊಂಡಾನು?

ಎರಡು, ವಂತಿಗೆ ಕೊಡಬಲ್ಲ ಬಡಾವಣೆ ಒಣಗುತ್ತದೆ, ಕೊಡಲಾರದ ಓಣಿ ಮುಳುಗುತ್ತದೆ. ಅನುಕೂಲಸ್ಥರು ತಮ್ಮ ವ್ಯವಸ್ಥೆ ತಾವು ಮಾಡಿಕೊಂಡ ದಿನ ಪಾಲಿಕೆಯ ಮೇಲೆ ಅವರ ಒತ್ತಾಯ ನಿಲ್ಲುತ್ತದೆ. ಗುಳಿಗೆ ಕೊಳ್ಳುವ ಶಕ್ತಿಯಿದ್ದವನು ಸರಕಾರಿ ದವಾಖಾನೆಯನ್ನು ಮರೆತನು. ಸರಕಾರಿ ದವಾಖಾನೆಯ ಗತಿ ಏನಾಯಿತೆಂದು ನಾವು ಕಂಡಿದ್ದೇವೆ. ಗಟಾರಕ್ಕೂ ಅದೇ ಗತಿ ಬರಬಾರದು.

ಮೂರನೆಯದು ಎಲ್ಲಕ್ಕೂ ಘೋರವಾದದ್ದು. ಸಂಘ ಗೊತ್ತುವಳಿ ಮಾಡುತ್ತದೆ, ಸರಿ. ಗಟಾರದಲ್ಲಿ ಇಳಿಯುವವರು ಯಾರು? ಅಧ್ಯಕ್ಷರು ಇಳಿಯುವದಿಲ್ಲ, ಕಾರ್ಯದರ್ಶಿ ಇಳಿಯುವದಿಲ್ಲ. ದಿನಗೂಲಿಗೆ ಒಬ್ಬ ದಲಿತ ತರುಣನನ್ನು ಕರೆತರುತ್ತಾರೆ. ಕೈಗೆ ಚೀಲವಿಲ್ಲ, ಕಾಲಿಗೆ ಬೂಟಿಲ್ಲ, ವಿಮೆಯಿಲ್ಲ, ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ. ಒಳಚರಂಡಿ ಇಲ್ಲದ ಕಡೆ ಶೌಚದ ನೀರು ಮಳೆಗಟಾರಕ್ಕೇ ಬಿಟ್ಟಿರುತ್ತದೆಂಬದು ಗುಟ್ಟಲ್ಲ. ಕೈಯಿಂದ ಮಲ ಬಳಿಯುವದನ್ನು ನಿಷೇಧಿಸಿದ 2013ರ ಕಾಯದೆ, ಶೌಚದ ಹೊಲಸು ಬಂದು ಬೀಳುವ ತೆರೆದ ಗಟಾರವನ್ನೂ ತನ್ನ ವ್ಯಾಖ್ಯೆಯಲ್ಲಿ ಸೇರಿಸಿದೆ. ಒಳಚರಂಡಿಯಲ್ಲಿ, ಶೌಚಗುಂಡಿಯಲ್ಲಿ ಅಪಾಯದ ಕೆಲಸಕ್ಕೆ ಮನುಷ್ಯನನ್ನು ಇಳಿಸುವದು ವ್ಯಕ್ತಿಗೂ ಅಪರಾಧ, ಪಾಲಿಕೆಗೂ ಅಪರಾಧ, ಇನ್ನಾವ ಏಜೆನ್ಸಿಗೂ ಅಪರಾಧ. ಹಾಗೆ ಸತ್ತವರ ಮನೆಯವರಿಗೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದೆ. ದೇವರಾಜ ಅರಸರ ಸರಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಈ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವದನ್ನು ನಿಲ್ಲಿಸಿದರು. ಅಂದು ಮುಂಬಾಗಿಲಿನಿಂದ ಹೊರಹಾಕಿದ್ದನ್ನು ಇಂದು ಓಣಿಯ ವಂತಿಗೆಯ ಹೆಸರಿನಲ್ಲಿ ಹಿಂಬಾಗಿಲಿನಿಂದ ಕರೆತರುವದು ಸಲ್ಲದು. ಪೌರಕಾರ್ಮಿಕನು ಪಾಲಿಕೆಯ ಕಾಯಂ ನೌಕರನಾಗಿ, ಯಂತ್ರ ಹಿಡಿದು, ಪೂರ್ಣ ಪಗಾರ ಪಡೆದು ಈ ಕೆಲಸ ಮಾಡಬೇಕು. ಇದರಲ್ಲಿ ಗಿರಣಿ ಕಾಮಗಾರನು ಅವನ ಪಕ್ಕಕ್ಕೆ ನಿಲ್ಲದಿದ್ದರೆ ಸಂಘಟನೆಯ ಮಾತು ಬರಿಯ ಬಾಯಿಮಾತು.

ಹಾಗಾದರೆ ಸಂಘವು ಕೈ ಕಟ್ಟಿ ಕೂಡಬೇಕೆ? ಅಲ್ಲ. ಸಂಘವು ಭಾರವನ್ನು ಕೇಳಬಾರದು, ಅಧಿಕಾರವನ್ನು ಕೇಳಬೇಕು. ಸಂವಿಧಾನದ 74ನೆಯ ತಿದ್ದುಪಡಿ 1993ರಲ್ಲಿ ಜಾರಿಗೆ ಬಂತು; 3 ಲಕ್ಷಕ್ಕೆ ಕಡಿಮೆಯಿಲ್ಲದ ಜನಸಂಖ್ಯೆಯ ಊರುಗಳಲ್ಲಿ ವಾರ್ಡು ಸಮಿತಿಗಳಿರಬೇಕೆಂದು ಅದು ವಿಧಿಸಿತು. ನಮ್ಮಲ್ಲಿ 82 ವಾರ್ಡುಗಳಾದವು. ಪ್ರತಿಯೊಂದು ವಾರ್ಡು ಸಮಿತಿಯಲ್ಲಿ ಓಣಿಯ ಸಂಘ ಕೂಡಬೇಕು. ಸಮಿತಿ ಇಲ್ಲದಲ್ಲಿ ಅದನ್ನು ಹಟ ಹಿಡಿದು ಪಡೆಯಬೇಕು. ಅಲ್ಲಿ ಕೇಳಬೇಕಾದದ್ದು ಇಷ್ಟು: ವಾರ್ಡಿನ ಎಲ್ಲ ಗಟಾರಗಳ ನಕ್ಷೆ, ಪ್ರತಿಯೊಂದರ ಪಕ್ಕ ಹೊಣೆ ಹೊತ್ತ ಕಚೇರಿಯ ಹೆಸರು. ಮೇ ತಿಂಗಳು ಮುಗಿಯುವ ಮೊದಲು ಹೂಳೆತ್ತುವ ದಿನಗಳ ಪಟ್ಟಿ, ಓಣಿಯ ಗೋಡೆಗೆ ಹಚ್ಚಿ. ತೆಗೆದ ರಾಡಿಯನ್ನು ದಂಡೆಗೆ ಗುಡ್ಡೆ ಹಾಕಿ ಹೋಗಬಾರದು. ಮೊದಲ ಮಳೆಗೆ ಅದೇ ರಾಡಿ ಅದೇ ಗಟಾರಕ್ಕೆ ಇಳಿಯುತ್ತದೆ, ಮರುವರ್ಷ ಅದಕ್ಕೇ ಮತ್ತೊಂದು ಬಿಲ್ಲು. ಮತ್ತು ಮುಖ್ಯವಾದದ್ದು: ಕೆಲಸ ಮುಗಿದಿದೆಯೆಂದು ವಾರ್ಡು ಸಮಿತಿ ನೋಡಿ ಸಹಿ ಮಾಡದ ಹೊರತು ಗುತ್ತಿಗೆದಾರನಿಗೆ ಬಿಲ್ಲು ಕೊಡಬಾರದು. ಇದಕ್ಕೆ ಒಪ್ಪದಿದ್ದರೆ 10 ರೂಪಾಯಿ ತುಂಬಿ ಮಾಹಿತಿ ಹಕ್ಕಿನ ಕೆಳಗೆ ಅಳತೆ ಪುಸ್ತಕದ ನಕಲು ಕೇಳಿರಿ. ಗಟಾರದಲ್ಲಿ ಎಷ್ಟು ಹೂಳಿತ್ತು, ಪುಸ್ತಕದಲ್ಲಿ ಎಷ್ಟು ಬರೆದಿದೆ ಎಂಬದು ಓಣಿಗೆಲ್ಲ ತಿಳಿಯಲಿ.

ವ್ಯಾಪಾರಸ್ಥ ಮಿತ್ರರಿಗೂ ಒಂದು ಮಾತು ಹೇಳಬೇಕು. ಅಂಗಡಿಯ ಮುಂದಿನ ಗಟಾರದ ಮೇಲೆ ಫರಸಿ ಹೊಂದಿಸಿ, ಸಿಮೆಂಟು ಮೆತ್ತಿ, ಅದರ ಮೇಲೆ ಮಾಲು ಇಡುವವರು ಹೊರಗಿನವರಲ್ಲ, ನಮ್ಮವರೇ. ಮುಚ್ಚಿದ ಗಟಾರದೊಳಗೆ ಸಲಿಕೆ ಹೋಗುವದಿಲ್ಲ, ಯಂತ್ರವೂ ಹೋಗುವದಿಲ್ಲ. ಫರಸಿ ಇರಲಿ, ಆದರೆ ಎತ್ತಲು ಬರುವಂತಿರಲಿ. ಸಂಜೆ ಅಂಗಡಿ ಮುಚ್ಚುವಾಗ ಪ್ಲಾಸ್ಟಿಕ್ ಚೀಲ, ಕೊಳೆತ ಕಾಯಿಪಲ್ಲೆ ಗಟಾರಕ್ಕೆ ನೂಕುವ ಕೈ ಮರುದಿನ ಪಾಲಿಕೆಯ ಮೇಲೆ ಅರ್ಜಿ ಬರೆದರೆ ಆ ಅರ್ಜಿಗೆ ಬಲ ಬರುವದಿಲ್ಲ.

ಡಾಕ್ಟರ ರಾಮಮನೋಹರ ಲೋಹಿಯಾ ಅವರು ರಾಜಕಾರಣಕ್ಕೆ ಮೂರು ಸಾಧನಗಳನ್ನು ಹೇಳುತ್ತಿದ್ದರು: ಸಲಿಕೆ, ಮತ, ಜೇಲು. ಒಂದನ್ನು ಹಿಡಿದು ಎರಡನ್ನು ಬಿಟ್ಟರೆ ಆಗದು. ಬರಿಯ ಸಲಿಕೆ ಹಿಡಿದ ಸಂಘವು ಪಾಲಿಕೆಯ ಬಿಟ್ಟಿ ಆಳಾಗುತ್ತದೆ. ಬರಿಯ ಮತದ ಮೇಲೆ ನಂಬಿಕೆಯಿಟ್ಟವನು ಐದು ವರ್ಷ ರಾಡಿಯಲ್ಲಿ ನಿಲ್ಲುತ್ತಾನೆ. ತನ್ನ ಮನೆಯ ಮುಂದಿನ ಕಸವನ್ನು ತಾನು ತೆಗೆಯುವ, ಮತ ಕೇಳಲು ಬಂದವನಿಗೆ ಗಟಾರದ ನಕ್ಷೆ ತೋರಿಸುವ, ಆದರೂ ಆಗದಿದ್ದರೆ ಪಾಲಿಕೆಯ ಬಾಗಿಲಲ್ಲಿ ಕುಳಿತು ಪೋಲೀಸ ವ್ಯಾನು ಏರಲು ಸಿದ್ಧವಾದ ಓಣಿಗೆ ಯಾವ ಅಧಿಕಾರಿಯೂ "ಇದು ನಮ್ಮದಲ್ಲ" ಎಂದು ಹೇಳಲಾರನು.

ಮುಂದಿನ ಮಿರಗಕ್ಕೆ ಮೊದಲೇ ನಿಮ್ಮ ಓಣಿಯ ಸಭೆ ಕರೆಯಿರಿ. ಗಿರಣಿಯವರು, ಅಂಗಡಿಯವರು, ಪೌರಕಾರ್ಮಿಕರು ಒಂದೇ ಜಮಖಾನದ ಮೇಲೆ ಕೂಡಲಿ. ಮೊದಲ ಗೊತ್ತುವಳಿ ಇಷ್ಟೇ ಇರಲಿ: ಗಟಾರ ಬಳಿಸುವ ಹೊಣೆ ಪಾಲಿಕೆಯದು, ಬಳಿಸಿದರೋ ಇಲ್ಲವೋ ನೋಡುವ ಅಧಿಕಾರ ನಮ್ಮದು.