ತಂತಿಗೆ ಕಣ್ಣಿಲ್ಲ

ಮನುಷ್ಯನು ಮನೆ ಕಟ್ಟಿಕೊಂಡ ದಿನವೇ ಕಳ್ಳನ ಭಯವೂ ಅವನ ಹೊಸ್ತಿಲಿಗೆ ಬಂದಿರಬೇಕು. ಆ ಭಯವನ್ನು ನೀಗಿಕೊಳ್ಳಲು ಅವನು ಹೂಡಿದ ಉಪಾಯಗಳು ಹಲವು. ಬಾಗಿಲಿಗೆ ಅಗುಳಿ ಇಟ್ಟನು, ಬೀಗ ಜಡಿದನು, ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿದನು, ಅಂಗಳದಲ್ಲಿ ನಾಯಿ ಕಟ್ಟಿದನು. ಹಳ್ಳಿಯಲ್ಲಿ ತಳವಾರನೂ ಪಟ್ಟಣದಲ್ಲಿ ಗಸ್ತಿನ ಪೊಲೀಸನೂ ರಾತ್ರಿಯೆಲ್ಲ ಎಚ್ಚರವಿದ್ದರು. ಇವೆಲ್ಲವೂ ಕಳ್ಳನನ್ನು ತಡೆಯುವ, ಇಲ್ಲವೇ ಹೆದರಿಸಿ ಓಡಿಸುವ ಉಪಾಯಗಳು. ಆದರೆ ವಿದ್ಯುತ್ತು ಮನೆಮನೆಗೆ ಬಂದ ಮೇಲೆ ಕೆಲವರ ಮನಸ್ಸಿನಲ್ಲಿ ಬೇರೊಂದು ಆಲೋಚನೆ ಸುಳಿಯತೊಡಗಿತು. ಗೇಟಿಗೋ ಕಿಟಕಿಯ ಸರಳಿಗೋ ಬಾಗಿಲ ಚಿಲಕಕ್ಕೋ ಮನೆಯ ವಿದ್ಯುತ್ ತಂತಿಯೊಂದನ್ನು ತಗುಲಿಸಿಬಿಟ್ಟರೆ ಕಳ್ಳರ ಕಾಟ ತಪ್ಪೀತಲ್ಲವೇ ಎಂಬುದೇ ಆ ಆಲೋಚನೆ. ಮೇಲುನೋಟಕ್ಕೆ ಸುಲಭವಾಗಿಯೂ ಅಗ್ಗವಾಗಿಯೂ ಕಾಣುವ ಈ ಉಪಾಯ ಎಂತಹುದು ಎಂಬುದನ್ನು ವಿಚಾರಮಾಡಿ ನೋಡಬೇಕಾಗಿದೆ.

ಬೆಂಗಳೂರಿನ ಕೃಷ್ಣರಾಜಪುರದ ಕಡೆಗಿರುವ ಹೊರಮಾವಿನಂತಹ ಊರುಗಳಲ್ಲಿ ಈ ಭಯವು ನಿಷ್ಕಾರಣವಾದುದೇನೂ ಅಲ್ಲ. ಒಂದು ಕಾಲಕ್ಕೆ ಹೊರಮಾವು ಕೆರೆ ಹೊಲಗಳ ನಡುವಣ ಹಳ್ಳಿ. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ರಚನೆಯಾದಾಗ ಸುತ್ತಲಿನ ಅನೇಕ ಹಳ್ಳಿಗಳೊಡನೆ ಅದೂ ನಗರದ ಆಡಳಿತದೊಳಗೆ ಬಂದಿತು. ಹೊಲಗಳಿದ್ದಲ್ಲಿ ಬಡಾವಣೆಗಳು ಎದ್ದವು. ದೂರದೂರದ ಜನ ಬಂದು ನೆಲೆಸಿದರು. ಹಳ್ಳಿಯಲ್ಲಿ ಹೊಸಬನೊಬ್ಬನು ಬೀದಿಗೆ ಕಾಲಿಟ್ಟರೆ ಹತ್ತು ಕಣ್ಣುಗಳು ಅವನನ್ನು ಗಮನಿಸುತ್ತಿದ್ದವು. ಬಡಾವಣೆಯಲ್ಲಿ ಪಕ್ಕದ ಮನೆಯವರ ಹೆಸರೇ ಎಷ್ಟೋ ಜನರಿಗೆ ತಿಳಿಯದು. ಗಂಡಹೆಂಡಿರಿಬ್ಬರೂ ಕೆಲಸಕ್ಕೆ, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಗೆ ಬೀಗವೇ ಗತಿ. ಕಷ್ಟಪಟ್ಟು ಕೂಡಿಸಿದ ಒಡವೆ ಹಣಗಳು ಒಂದು ರಾತ್ರಿಯಲ್ಲಿ ಮಾಯವಾದರೆ ಆ ಕುಟುಂಬದ ಸಂಕಟವನ್ನು ಯಾರೂ ಹಗುರವಾಗಿ ಕಾಣಲಾಗದು. ಆದುದರಿಂದ ಇಲ್ಲಿ ತೂಗಿನೋಡಬೇಕಾದುದು ಆ ಭಯವನ್ನಲ್ಲ. ಅದಕ್ಕೆ ಕಂಡುಕೊಂಡ ಮದ್ದನ್ನು.

ಮೊದಲು ವಿದ್ಯುತ್ತಿನ ಸ್ವಭಾವವನ್ನು ತಿಳಿಯಬೇಕು. ನಮ್ಮ ದೇಶದ ಮನೆಗಳಿಗೆ ಬರುವ ವಿದ್ಯುತ್ತಿನ ಒತ್ತಡ 230 ವೋಲ್ಟ್. ಒಂದು ಮಿಲಿಆಂಪಿಯರ್‌ನಷ್ಟು ಪ್ರವಾಹ ದೇಹದಲ್ಲಿ ಹರಿದರೆ ಜುಮ್ಮೆನ್ನುವ ಅನುಭವವಾಗುತ್ತದೆ. ಅದು ಸುಮಾರು 10 ಮಿಲಿಆಂಪಿಯರ್ ದಾಟಿದಾಗ ಸ್ನಾಯುಗಳು ಬಿಗಿದುಕೊಂಡು, ಹಿಡಿದ ವಸ್ತುವನ್ನು ಬಿಡಲು ಕೈಗೆ ಸಾಧ್ಯವಾಗದೆ ಹೋಗಬಹುದು. 30 ಮಿಲಿಆಂಪಿಯರ್‌ಗೂ ಮೀರಿದ ಪ್ರವಾಹ ಎದೆಯ ಮೂಲಕ ಹರಿಯುತ್ತಲೇ ಇದ್ದರೆ ಹೃದಯದ ಬಡಿತ ತಾಳತಪ್ಪಿ ಪ್ರಾಣಕ್ಕೆ ಅಪಾಯ ಒದಗುತ್ತದೆ. ಮಳೆಯಲ್ಲಿ ನೆಂದ ದೇಹದ ರೋಧ ಸುಮಾರು 1000 ಓಮ್‌ಗಳಿಗೆ ಇಳಿಯಬಹುದು. ಆಗ ಓಮನ ನಿಯಮದ ಪ್ರಕಾರ 230 ವೋಲ್ಟ್‌ಗೆ ಹರಿಯುವ ಪ್ರವಾಹ 230 ಮಿಲಿಆಂಪಿಯರ್. ಮನೆಯ ಫ್ಯೂಸು ಇದನ್ನು ತಡೆಯುವುದೆಂದು ನಂಬುವಂತಿಲ್ಲ. 5 ಆಂಪಿಯರ್‌ನ ಫ್ಯೂಸು ಕರಗಬೇಕಾದರೆ 5000 ಮಿಲಿಆಂಪಿಯರ್‌ಗಿಂತಲೂ ಅಧಿಕ ಪ್ರವಾಹ ಹರಿಯಬೇಕು. ಫ್ಯೂಸು ಇರುವುದು ತಂತಿಯನ್ನು ಕಾಪಾಡಲೇ ಹೊರತು ಮನುಷ್ಯನನ್ನಲ್ಲ. ಹೀಗಿರುವಾಗ 'ಕಳ್ಳನಿಗೆ ಸ್ವಲ್ಪ ಹೊಡೆತ ಬಿದ್ದರೆ ಸಾಕು' ಎಂಬ ಮಾತಿಗೆ ಅರ್ಥವಿಲ್ಲ. ಆ 'ಸ್ವಲ್ಪ'ವನ್ನು ಅಳೆದುಕೊಡುವವರು ಯಾರು? ಮುಟ್ಟಿದವನ ಕೈ ಒಣಗಿದೆಯೋ ನೆಂದಿದೆಯೋ, ಕಾಲಲ್ಲಿ ಚಪ್ಪಲಿ ಇದೆಯೋ ಇಲ್ಲವೋ ಎಂಬುದರ ಮೇಲೆ ಅವನ ಬದುಕು ಸಾವುಗಳು ನಿಂತಿರುತ್ತವೆ.

ಮನುಷ್ಯನನ್ನು ಕಾಪಾಡಲೆಂದೇ ಬೇರೊಂದು ಸಾಧನವುಂಟು. 30 ಮಿಲಿಆಂಪಿಯರ್‌ನಷ್ಟು ವಿದ್ಯುತ್ತು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುವ ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು ಅದು. ಈ ಸಾಧನ ಕೆಲಸಮಾಡುತ್ತಿರುವ ತಂತಿಜಾಲದಲ್ಲಿ ಗೇಟಿಗೆ ವಿದ್ಯುತ್ತು ಹರಿಸಿದರೆ, ಅದು ಸೋರಿಕೆಯನ್ನು ಗುರುತಿಸಿ ವಿದ್ಯುತ್ತನ್ನು ನಿಲ್ಲಿಸಿಬಿಡುತ್ತದೆ. ಆದುದರಿಂದ ಕಳ್ಳನಿಗಾಗಿ ಬಲೆಯೊಡ್ಡುವವನು ತನ್ನ ಹೆಂಡತಿ ಮಕ್ಕಳನ್ನು ಕಾಯುತ್ತಿರುವ ಸಾಧನವನ್ನೇ ಮೊದಲು ಬದಿಗೊತ್ತಬೇಕಾಗುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ ಅಲ್ಲವೇ?

ಗೇಟನ್ನು ಮುಟ್ಟುವವರು ಯಾರು ಎಂಬುದನ್ನೂ ಆಲೋಚಿಸಬೇಕು. ಕಳ್ಳನು ವರ್ಷಕ್ಕೊಮ್ಮೆ ಬಂದಾನು, ಬಾರದೆಯೂ ಇದ್ದಾನು. ನಸುಕಿನಲ್ಲಿ ಹಾಲಿನವನು ಬರುತ್ತಾನೆ; ಪತ್ರಿಕೆ ಹಂಚುವ ಹುಡುಗ ಬರುತ್ತಾನೆ; ಮೀಟರು ಓದುವವನು, ಅಂಚೆಯವನು ಬರುತ್ತಾರೆ. ಚೆಂಡು ಒಳಗೆ ಬಿತ್ತೆಂದು ನೆರೆಮನೆಯ ಮಗು ಗೋಡೆ ಹತ್ತುತ್ತದೆ. ಸ್ವಿಚ್ಚನ್ನು ಆರಿಸಲು ಮನೆಯವರು ಒಂದು ದಿನ ಮರೆತರೆ ಸಾಕು. ಯಾರಾದರೂ ಸಿಕ್ಕಿಕೊಂಡರೆ ಮೊದಲು ಮಾಡಬೇಕಾದುದು ಮುಖ್ಯ ಸ್ವಿಚ್ಚನ್ನು ಆರಿಸುವುದು. ಆದರೆ ಮನೆಯವರು ಊರಿಗೆ ಹೋಗಿದ್ದರೆ ಆ ಸ್ವಿಚ್ಚು ಬೀಗ ಹಾಕಿದ ಬಾಗಿಲಿನ ಒಳಗಡೆ ಇರುತ್ತದೆ! ಬಿಡಿಸಲು ಓಡಿಬಂದ ನೆರೆಯವನು ಬರಿಗೈಯಿಂದ ಹಿಡಿದೆಳೆದರೆ ಅವನಿಗೂ ಅದೇ ಗತಿ. ಮನೆಗೆ ಬೆಂಕಿ ಬಿದ್ದಾಗ ಅಗ್ನಿಶಾಮಕ ದಳದವರು ಮೊದಲು ಕೈಯಿಡುವುದೂ ಅದೇ ಗೇಟಿನ ಮೇಲೆ.

ಹೊರಮಾವಿನಲ್ಲಿ ಇದಕ್ಕೆ ಮತ್ತೊಂದು ಅಪಾಯ ಸೇರಿಕೊಳ್ಳುತ್ತದೆ, ಅದು ನೀರು. ತಗ್ಗಿನಲ್ಲಿರುವ ಅಲ್ಲಿನ ಸಾಯಿ ಬಡಾವಣೆಯ ಬೀದಿಗಳು 2025ರ ಮೇ ತಿಂಗಳ ಮಳೆಗೆ ಜಲಾವೃತವಾಗಿ ಮನೆಗಳೊಳಗೆ ನೀರು ನುಗ್ಗಿತು. ಅಂತಹ ಬೀದಿಯಲ್ಲಿ ಒಂದೇ ಒಂದು ಗೇಟಿನಲ್ಲಿ ವಿದ್ಯುತ್ತು ಹರಿಯುತ್ತಿದ್ದರೆ, ಸುತ್ತಲಿನ ನೀರಿಗೆ ಇಳಿದವರೆಲ್ಲರೂ ಅಪಾಯಕ್ಕೆ ಒಳಗಾಗುತ್ತಾರೆ. ನೀರೂ ವಿದ್ಯುತ್ತೂ ಕೂಡಿದರೆ ಏನಾಗುವುದೆಂಬುದಕ್ಕೆ ಅದೇ ಮಳೆಯಲ್ಲಿ ಬಿ.ಟಿ.ಎಂ. ಬಡಾವಣೆಯಲ್ಲಿ ನಡೆದ ದುರಂತವೇ ಸಾಕ್ಷಿ. ವಸತಿ ಸಮುಚ್ಚಯದ ನೆಲಮಾಳಿಗೆಯಲ್ಲಿ ನಿಂತ ನೀರನ್ನು ಹೊರಹಾಕುವಾಗ ವಿದ್ಯುದಾಘಾತದಿಂದ ಇಬ್ಬರು ತೀರಿಕೊಂಡರು; ಅವರಲ್ಲೊಬ್ಬ 12 ವರ್ಷದ ಬಾಲಕ. ಅಲ್ಲಿ ಯಾರೂ ಬಲೆಯೊಡ್ಡಿರಲಿಲ್ಲ. ಆಕಸ್ಮಿಕವೇ ಇಷ್ಟು ಘೋರವಾಗಿರುವಾಗ ಅದನ್ನು ಬೇಕೆಂದೇ ಕರೆದುತರುವುದು ಎಂತಹ ವಿವೇಕ? ನಾಡಿನ ಕಾಡಂಚಿನ ಹೊಲಗಳ ಅನುಭವವೂ ಇದನ್ನೇ ಹೇಳುತ್ತದೆ. ಕಾಡುಹಂದಿಗೆಂದು ಬೇಲಿಗೆ ಹರಿಸಿದ ವಿದ್ಯುತ್ತಿಗೆ ಆನೆಗಳು ಸತ್ತಿವೆ, ದಾರಿಹೋಕರು ಸತ್ತಿದ್ದಾರೆ, ಕೆಲವೊಮ್ಮೆ ಬೇಲಿ ಕಟ್ಟಿದ ರೈತನೇ ಸತ್ತಿದ್ದಾನೆ.

'ನನ್ನ ಮನೆಗೆ ನುಗ್ಗಿದವನಿಗೆ ಏನಾದರೆ ನನಗೇನು?' ಎಂದು ಕೆಲವರು ಕೇಳಬಹುದು. ಈ ಪ್ರಶ್ನೆಗೆ ಕಾನೂನು ಸ್ಪಷ್ಟವಾದ ಉತ್ತರ ಕೊಟ್ಟಿದೆ. ಬಿಹಾರದ ಒಬ್ಬನು ತನ್ನ ಶೌಚಾಲಯವನ್ನು ನೆರೆಯವರು ಬಳಸಬಾರದೆಂದು ಅದರ ದಾರಿಗೆ ಅಡ್ಡಲಾಗಿ ತಾಮ್ರದ ಬರಿತಂತಿಯನ್ನು ಕಟ್ಟಿ ಮನೆಯ ವಿದ್ಯುತ್ತನ್ನು ಹರಿಸಿದ್ದನು. ಅದನ್ನು ಮುಟ್ಟಿದ ನೆರೆಮನೆಯ ಹೆಂಗಸೊಬ್ಬಳು ಪ್ರಾಣಬಿಟ್ಟಳು. ಸ್ವತ್ತಿನ ರಕ್ಷಣೆಗಾಗಿ ಹಾಗೆ ಮಾಡಿದೆನೆಂಬ ಅವನ ವಾದವನ್ನು 1963ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಪ್ಪದೆ ಶಿಕ್ಷೆಯನ್ನು ಎತ್ತಿಹಿಡಿಯಿತು. ಅಪ್ಪಣೆಯಿಲ್ಲದೆ ಒಳಬಂದ ಮಾತ್ರಕ್ಕೆ ಮನುಷ್ಯನು ಕಾನೂನಿನ ರಕ್ಷಣೆಯನ್ನು ಕಳೆದುಕೊಳ್ಳುವುದಿಲ್ಲ ಎಂಬುದು ಆ ತೀರ್ಪಿನ ಸಾರ. ಇಂಗ್ಲೆಂಡಿನಲ್ಲಿಯೂ ತೋಟಗಳಲ್ಲಿ ತಂತಿ ತಗುಲಿದರೆ ತಾನೇ ಸಿಡಿಯುವ ಬಂದೂಕುಗಳನ್ನು ಇಡುವ ಪದ್ಧತಿಯಿತ್ತು. ಅವು ಯಾರನ್ನು ಬೇಕಾದರೂ ಕೊಲ್ಲುತ್ತವೆಂಬುದನ್ನು ಕಂಡು 1827ರಲ್ಲಿ ಅಲ್ಲಿನ ಸಂಸತ್ತು ಅದಕ್ಕೆ ಕಡಿವಾಣ ಹಾಕಿತು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯೂ ಸ್ವರಕ್ಷಣೆಯ ಹಕ್ಕನ್ನು ನೀಡಿದೆ. ರಾತ್ರಿ ಕನ್ನ ಹಾಕಿ ಒಳನುಗ್ಗಿದವನನ್ನು ಎದುರಿಸುವ ಅಧಿಕಾರ ಮನೆಯವನಿಗುಂಟು. ಆದರೆ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದು. ಎಷ್ಟು ಬೇಕೆಂಬುದನ್ನು ನಿರ್ಧರಿಸಲು ಎದುರಿಗಿರುವವನು ಯಾರು, ಅವನ ಕೈಯಲ್ಲಿ ಆಯುಧವಿದೆಯೇ, ಅವನು ಮೇಲೆ ಬೀಳುತ್ತಿದ್ದಾನೆಯೇ ಓಡುತ್ತಿದ್ದಾನೆಯೇ ಎಂಬುದನ್ನು ನೋಡಬೇಕು. ಎಚ್ಚರವಿರುವ ಮನುಷ್ಯ ನೋಡಬಲ್ಲ, ತಂತಿ ನೋಡಲಾರದು. ಮನೆಯೊಳಗಿನ ಕಳವಿಗೆ ಅದೇ ಸಂಹಿತೆ ವಿಧಿಸುವ ಗರಿಷ್ಠ ಶಿಕ್ಷೆ 7 ವರ್ಷಗಳ ಸೆರೆ ಮತ್ತು ದಂಡ. ಅದನ್ನಾದರೂ ನ್ಯಾಯಾಧೀಶರು ಸಾಕ್ಷ್ಯ ಕೇಳಿ, ವಾದ ಆಲಿಸಿದ ಮೇಲೆಯೇ ವಿಧಿಸುತ್ತಾರೆ. ತಂತಿಯು ವಿಚಾರಣೆಯಿಲ್ಲದೆ, ತಪ್ಪಿತಸ್ಥನಾರೆಂದು ಕೇಳದೆ, ಎಲ್ಲರಿಗೂ ಮರಣದಂಡನೆಯನ್ನೇ ವಿಧಿಸುತ್ತದೆ.

ಎಚ್ಚರಿಕೆಯ ಫಲಕ ಹಾಕಿದರೆ ಸಾಲದೇ ಎಂಬ ಮಾತೂ ಉಂಟು. ಓದು ಬಾರದ ಮಗುವಿಗೆ, ಕತ್ತಲಲ್ಲಿ ಬಂದವನಿಗೆ ಫಲಕದಿಂದೇನು ಪ್ರಯೋಜನ? ಕಾಡಂಚಿನಲ್ಲಿ ಅರಣ್ಯ ಇಲಾಖೆ ಹಾಕುವ ಸೌರಬೇಲಿಯನ್ನು ಕೆಲವರು ಉದಾಹರಿಸುತ್ತಾರೆ. ಆದರೆ ಅದರಲ್ಲಿ ವಿದ್ಯುತ್ತು ಮನೆಯ ತಂತಿಯಂತೆ ಸತತವಾಗಿ ಹರಿಯುವುದಿಲ್ಲ. ಸುಮಾರು ಸೆಕೆಂಡಿಗೊಮ್ಮೆ ಅತ್ಯಲ್ಪ ಕಾಲ ಮಾತ್ರ ಮಿಡಿಯುತ್ತದೆ. ನಡುನಡುವೆ ಬಿಡುವಿರುವುದರಿಂದ ಮುಟ್ಟಿದ ಪ್ರಾಣಿ ಹಿಂದೆ ಸರಿಯಬಲ್ಲದು. ಅದನ್ನು ನಿಯಂತ್ರಿಸುವ ಯಂತ್ರವೇ ಬೇರೆ. ಮನೆಯ 230 ವೋಲ್ಟ್‌ನ ತಂತಿಯನ್ನು ಗೇಟಿಗೆ ಸುತ್ತುವುದಕ್ಕೂ ಅದಕ್ಕೂ ಯಾವ ಹೋಲಿಕೆಯೂ ಇಲ್ಲ.

ಹಾಗಾದರೆ ಕಳ್ಳನ ವಿರುದ್ಧ ವಿದ್ಯುತ್ತನ್ನು ಬಳಸಲೇಬಾರದೇ? ಬಳಸಬೇಕು, ಆದರೆ ಬಳಸುವ ಬಗೆ ಬೇರೆ. 1905ರಲ್ಲಿ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿನ ಬೀದಿಗಳಿಗೆ ಮೊದಲು ಬಂದುದು ದೀಪವಾಗಿ. ಕತ್ತಲೆಯನ್ನು ನೆಚ್ಚಿ ಬರುವ ಕಳ್ಳನಿಗೆ ಬೆಳಕಿನಷ್ಟು ದೊಡ್ಡ ವೈರಿ ಮತ್ತೊಬ್ಬನಿಲ್ಲ. ಅಂಗಳದಲ್ಲಿ ದೀಪ, ಬಾಗಿಲು ಮುರಿದರೆ ಮೊಳಗುವ ಗಂಟೆ, ಬಂದವರನ್ನು ದಾಖಲಿಸುವ ಕ್ಯಾಮೆರಾ, ಗಟ್ಟಿಯಾದ ಬೀಗ ಇವೆಲ್ಲವೂ ಯಾರ ಪ್ರಾಣವನ್ನೂ ತೆಗೆಯದೆ ಮನೆಯನ್ನು ಕಾಯುತ್ತವೆ. ಊರಿಗೆ ಹೋಗುವಾಗ ನೆರೆಯವರಿಗೂ ಹತ್ತಿರದ ಪೊಲೀಸ್ ಠಾಣೆಗೂ ತಿಳಿಸಿಹೋಗುವುದು ಖರ್ಚಿಲ್ಲದ ಉಪಾಯ. ಎಲ್ಲಿಯಾದರೂ ಗೇಟಿನಲ್ಲಿಯೋ ಬೇಲಿಯಲ್ಲಿಯೋ ವಿದ್ಯುತ್ತು ಹರಿಯುತ್ತಿದೆಯೆಂಬ ಅನುಮಾನ ಬಂದರೆ ಅದನ್ನು ಮುಟ್ಟದೆ, ಇತರರನ್ನೂ ಮುಟ್ಟಗೊಡದೆ, ವಿದ್ಯುತ್ ಕಂಪನಿಯ 1912 ಸಂಖ್ಯೆಗೆ ತಿಳಿಸುವುದು ನಾಗರಿಕನ ಕರ್ತವ್ಯ.

ಕಳೆದುಹೋದ ಒಡವೆಯನ್ನು ಮತ್ತೆ ಮಾಡಿಸಿಕೊಳ್ಳಬಹುದು. ಕಳೆದುಹೋದ ಪ್ರಾಣವನ್ನು ಮರಳಿ ತರಲಾಗದು. ದೀಪವು ನಮಗೆ ಬಂದವನ ಮುಖವನ್ನು ತೋರಿಸುತ್ತದೆ. ಅವನು ಕಳ್ಳನೋ ನೆಂಟನೋ ಎಂದು ತೀರ್ಮಾನಿಸುವ ಹೊಣೆಯನ್ನು ನಮಗೇ ಬಿಡುತ್ತದೆ. ಆ ಹೊಣೆಯನ್ನು ಕಣ್ಣಿಲ್ಲದ ತಂತಿಗೆ ಒಪ್ಪಿಸಿದವನು ಮನೆಯನ್ನು ಕಾಯುತ್ತಿಲ್ಲ. ಮನೆಯ ಬಾಗಿಲಲ್ಲಿ ಮೃತ್ಯುವನ್ನು ಕೂರಿಸಿ ತಾನು ಕಣ್ಣುಮುಚ್ಚಿ ಮಲಗಿದ್ದಾನೆ.